ಕೀಲಿ, ತಾಟು, ಬಚ್ಚಲ ಮೋರಿ: ‘ನಾಗಮಂಡಲ’ದ ಮನೆಸಾಮಾನು ಏನು ಹೇಳುತ್ತದೆ

ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ, ಅದನ್ನು ತೆಗೆಯುವುದಕ್ಕೆ ಚಾವಿ. ಬೀಗ ಎಂಬ ಶಬ್ದ ಬಾಗಲಕೋಟೆಯವರ ಬಾಯಲ್ಲಿ ಹೆಚ್ಚಾಗಿ ಬರುವುದು ಮದುವೆಯ ಮಾತಿನಲ್ಲಿ: ಬೀಗರು ಬಂದರು, ಬೀಗರಿಗೆ ನೀರು ಕೊಡ್ರಿ, ಬೀಗತನ ಕೂಡಿತು. ಈ ಸಲ ಕಾಲೇಜಿನ ಹುಡುಗ ಹುಡುಗಿಯರಿಗೆ ಗಿರೀಶ ಕಾರ್ನಾಡರ ‘ನಾಗಮಂಡಲ’ ಕಲಿಸಲು ಕೂತಾಗ ಮೊದಲ ದಿನವೇ ಕೀಲಿಯ ಮಾತು ಎದ್ದಿತು. ಅಪ್ಪಣ್ಣನ ಪಾತ್ರದ ಹುಡುಗ ಅಂಗಡಿಯಿಂದ ಹೆಬ್ಬೆರಳಿನಷ್ಟು ಹೊಸ ಕೀಲಿ ತಂದಿದ್ದ. ಸೂಟ್‌ಕೇಸಿಗೆ ಹಾಕುವಂಥದ್ದು, ಹಾಕಿದರೆ ಸಪ್ಪಳವೇ ಇಲ್ಲ. “ಸಂಕೇತ ಅಲ್ರೀ ಮೇಡಂ, ಎಷ್ಟ ಸಣ್ಣದಿದ್ರೂ ನಡೀತದ” ಎಂದ. ಯಾಕೆ ನಡೆಯುವುದಿಲ್ಲ ಎಂದು ಆತನಿಗೆ ತಿಳಿಸಿ ಹೇಳಲು ನನಗೆ ಒಂದು ವಾರ ಹಿಡಿಯಿತು. ಆ ವಾರ ಆಡಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕತೆ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ರಾಣಿ ಎಂಬ ಹುಡುಗಿ ಮದುವೆಯಾಗಿ ಗಂಡ ಅಪ್ಪಣ್ಣನ ಮನೆಗೆ ಬರುತ್ತಾಳೆ. ಆತ ಆಕೆಯನ್ನು ಒಳಗೆ ಬಿಟ್ಟು, ನಾಳೆ ಮಧ್ಯಾಹ್ನ ಬರುತ್ತೇನೆ, ಅಡುಗೆ ಮಾಡಿಟ್ಟಿರು ಎಂದು ಹೇಳಿ, ಹೊರಗಿನಿಂದ ಕೀಲಿ ಹಾಕಿಕೊಂಡು ತಾನು ಇಟ್ಟುಕೊಂಡವಳ ಮನೆಗೆ ನಡೆಯುತ್ತಾನೆ. ದಿನವೂ ಇದೇ. ಅಪ್ಪಣ್ಣನ ತಾಯಿಯ ಗೆಳತಿಯಾಗಿದ್ದ ಕುರುಡವ್ವ, ಗಂಡ ಒಲಿಯಲಿ ಎಂದು ರಾಣಿಗೆ ಬೇರು ಕೊಡುತ್ತಾಳೆ. ಸಣ್ಣ ಬೇರು ಫಲಿಸುವುದಿಲ್ಲ. ದೊಡ್ಡದನ್ನು ಅರೆದು ಸಾರಿಗೆ ಹಾಕಿದರೆ ಸಾರು ರಕ್ತದಂತೆ ಕೆಂಪಾಗಿ ಉಕ್ಕುತ್ತದೆ. ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗ ಆಕೆಗೆ ಮರುಳಾಗಿ, ರಾತ್ರಿ ಬಚ್ಚಲ ಮೋರಿಯಿಂದ ಒಳಗೆ ಬಂದು ಅಪ್ಪಣ್ಣನ ರೂಪ ತಾಳುತ್ತಾನೆ. ಹಗಲಿನ ಗಂಡ ಗದರಿಸುತ್ತಾನೆ, ರಾತ್ರಿಯ ಗಂಡ ಮುದ್ದು ಮಾಡುತ್ತಾನೆ. ರಾಣಿ ಬಸುರಾಗುತ್ತಾಳೆ. ಊರ ಹಿರಿಯರು ಕೂಡುತ್ತಾರೆ. ಆಕೆ ಹುತ್ತಕ್ಕೆ ಕೈಯಿಟ್ಟು ನಾಗರಹಾವು ಹಿಡಿದು ಪ್ರಮಾಣ ಮಾಡುತ್ತಾಳೆ, ಊರಿಗೆ ದೇವಿಯಾಗುತ್ತಾಳೆ.

ಕಾರ್ನಾಡರು ಇದನ್ನು ಬರೆದದ್ದು 1988ರಲ್ಲಿ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕತೆಗಳೇ ನಾಟಕದ ಬುಡ. ರಾಮಾನುಜನ್ ಅಮೆರಿಕೆಗೆ ಹೋಗುವ ಮುಂಚೆ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳಿದವರು, ಈ ಸೀಮೆಯಲ್ಲಿ ಬಾಯಿಂದ ಬಾಯಿಗೆ ಬಂದ ಕತೆಗಳನ್ನು ಬರೆದುಕೊಂಡವರು. ಇಂಥ ಕತೆ ಹೇಳುವವರು ಮನೆಯ ಹಿರಿಯ ಹೆಂಗಸರು, ಹೇಳುವ ಜಾಗ ಅಡುಗೆಮನೆ, ಹೊತ್ತು ಸಂಜೆ ಮಕ್ಕಳಿಗೆ ಉಣಿಸುವಾಗ. ಮಕ್ಕಳಿಗೆಂದು ಹೇಳಿದ್ದು ಪಕ್ಕದಲ್ಲಿ ಕೂತ ಹೆಂಗಸರ ಕಿವಿಗೂ ಬೀಳುತ್ತದೆ; ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ದಾರಿ ಅದು ಎಂದು ಕಾರ್ನಾಡರು ವಿವರಿಸಿದ್ದಾರೆ. ಈ ಒಂದು ಮಾತು ಹಿಡಿದುಕೊಂಡರೆ ನಾಟಕದ ಅರ್ಧ ಗಂಟು ಬಿಚ್ಚುತ್ತದೆ. ಅಡುಗೆಮನೆಯಲ್ಲಿ ಕೂತು ಹೇಳಿದ ಕತೆಯಲ್ಲಿ ಕತ್ತಿ, ಕಿರೀಟ, ಸಿಂಹಾಸನ ಎಲ್ಲಿಂದ ಬರಬೇಕು? ಕೈಗೆ ಎಟುಕುವ ಸಾಮಾನೇ ಬರುತ್ತದೆ.

ಪರೀಕ್ಷೆಯ ಗೈಡುಗಳಲ್ಲಿ ಈ ಸಾಮಾನುಗಳಿಗೆಲ್ಲ ಒಂದೊಂದು ಅರ್ಥ ಕಟ್ಟಿಟ್ಟಿರುತ್ತಾರೆ. ಕೀಲಿ ಅಂದರೆ ಬಂಧನ, ಹಾವು ಅಂದರೆ ಕಾಮ, ಕನ್ನಡಿ ಅಂದರೆ ಸತ್ಯ. ಹುಡುಗರು ಅದನ್ನು ಬಾಯಿಪಾಠ ಮಾಡಿ ಬರುತ್ತಾರೆ, ನಾನು ಅದನ್ನು ಮರೆಸಬೇಕಾಗುತ್ತದೆ. ತಾಳಿ, ಕಾಲುಂಗುರ, ಕುಂಕುಮ, ಹಸಿರು ಬಳೆ ಇವುಗಳ ಅರ್ಥ ನಾಟಕ ಶುರುವಾಗುವ ಮುಂಚೆಯೇ ಊರಿಗೆಲ್ಲ ಗೊತ್ತು. ಅದನ್ನು ಯಾರೋ ಎಂದೋ ಗೊತ್ತುಮಾಡಿ ಆಗಿದೆ. ಕೀಲಿ ಹಾಗಲ್ಲ, ತಾಟು ಹಾಗಲ್ಲ, ಮೋರಿ ಅಂತೂ ಹಾಗಲ್ಲವೇ ಅಲ್ಲ. ಮೊದಲು ಅವು ಮನೆಯಲ್ಲಿ ತಮ್ಮ ಕೆಲಸ ಮಾಡುತ್ತವೆ. ಆ ಕೆಲಸ ಮಾಡುತ್ತ ಮಾಡುತ್ತಲೇ ಅರ್ಥ ಕೂಡಿಸಿಕೊಳ್ಳುತ್ತವೆ. ಮೊದಲ ದೃಶ್ಯದಲ್ಲಿ ಇದ್ದ ಅರ್ಥ ಕೊನೆಯ ದೃಶ್ಯದಲ್ಲಿ ಇರುವುದಿಲ್ಲ.

ಇದು ನಮ್ಮ ಜನಕ್ಕೆ ಹೊಸ ವಿದ್ಯೆಯೇನಲ್ಲ. ಬೆಳಗಾವಿ, ಬಾಗಲಕೋಟೆ ಹಳ್ಳಿಗಳಲ್ಲಿ ಬೆಳತನಕ ಕೂತು ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಕೇಳಿ. ಕುಲಗೋಡ ತಮ್ಮಣ್ಣ ಊರೂರಿಗೆ ಒಯ್ದ ಆಟ, ಕೌಜಲಗಿ ನಿಂಗಮ್ಮ ಕುಣಿದು ಹಾಡಿ ಮೆರೆಸಿದ ಆಟ. ಅಲ್ಲಿ ಇಡೀ ಸಂಸಾರದ ಜಗಳ ನಿಂತಿರುವುದು ಒಂದು ಹೂವಿನ ಮೇಲೆ. ಹೂವು ರುಕ್ಮಿಣಿಯ ಮುಡಿಗೆ ಹೋಯಿತು, ಸತ್ಯಭಾಮೆಯ ಮುಡಿಗೆ ಬರಲಿಲ್ಲ. ಹೂವಿಗೆ ಏನರ್ಥ ಎಂದು ಆಟದ ನಡುವೆ ಯಾರೂ ಎದ್ದು ಕೇಳಲಿಲ್ಲ. ಯಾರ ಕೈಯಿಂದ ಯಾರ ತಲೆಗೆ ಹೋಯಿತು ಎಂಬುದನ್ನು ಎಲ್ಲರೂ ಕಣ್ಣಿಟ್ಟು ನೋಡಿದರು. ನಾಗಮಂಡಲವನ್ನು ಓದುವುದಕ್ಕೂ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಈಗ ಕೀಲಿಗೆ ಬರೋಣ. ನಮ್ಮ ಓಣಿಯ ಒಬ್ಬ ಅಜ್ಜಿಯ ಹತ್ತಿರ ಹಳೆಯ ಕೀಲಿಯೊಂದಿತ್ತು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಮುಳುಗಡೆಯಾದಾಗ ಮನೆ ಬಿಟ್ಟು ನವನಗರಕ್ಕೆ ಬಂದವರು ಅವರು. ತೊಲೆ, ಬಾಗಿಲು, ಚೌಕಟ್ಟು ಎಲ್ಲ ಕಿತ್ತು ತಂದು ಕಟ್ಟಿಗೆಯ ಬೆಲೆಗೆ ಕೊಟ್ಟರಂತೆ, ತಲಬಾಗಿಲ ಕೀಲಿ ಮಾತ್ರ ಕೊಡಲಿಲ್ಲ. ಅಂಗೈ ತುಂಬುವ ಕಬ್ಬಿಣದ ಕೀಲಿ, ಗೇಣುದ್ದದ ಚಾವಿ. ಚಾವಿ ತಿರುವಿದರೆ ಒಳಗೆ ಎರಡು ಸಲ ಖಟ್ ಎನ್ನುತ್ತದೆ, ಎರಡನೆಯದು ತುಸು ತಡೆದು. ತಾಲೀಮಿನಲ್ಲಿ ಅದನ್ನು ಬಾಗಿಲಿಗೆ ಹಾಕಿಸಿದೆ. ರಾಣಿಯ ಪಾತ್ರದ ಹುಡುಗಿ ಬೆನ್ನು ತಿರುಗಿಸಿ ಕೂತಿದ್ದಳು. ಮೊದಲನೇ ಖಟ್‌ಗೆ ತಲೆ ಎತ್ತಿದಳು, ಎರಡನೆಯದಕ್ಕೆ ಆಕೆಯ ಹೆಗಲು ಇಳಿಯಿತು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಸಣ್ಣ ಕೀಲಿ ತಂದಿದ್ದ ಹುಡುಗ ಅದನ್ನು ನೋಡಿ ತನ್ನದನ್ನು ಕಿಸೆಗೆ ಹಾಕಿಕೊಂಡ.

ಅಪ್ಪಣ್ಣ ಕೀಲಿ ಹಾಕುವುದು ಯಾಕೆ? ಹೆಂಡತಿಯ ಮೇಲೆ ಅನುಮಾನ ಬಂದು ಅಲ್ಲ. ಆಕೆಯ ಜೊತೆ ನಾಲ್ಕು ಮಾತು ಆಡಿದ್ದರೆ ತಾನೇ ಅನುಮಾನ ಹುಟ್ಟುವುದು! ದನವನ್ನು ಗ್ವಾದಲಿಗೆ ಕಟ್ಟಿ ಹೋಗುವ ಹಾಗೆ ಆತ ಕೀಲಿ ಹಾಕುತ್ತಾನೆ. ಮೊದಲ ದಿನಗಳಲ್ಲಿ ಆ ಕೀಲಿಗೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ಮುಂದೆ ರಾಣಿ ಬಸುರಾದಾಗ ಅದೇ ಕೀಲಿ ಬೇರೆ ಮಾತಾಡತೊಡಗುತ್ತದೆ. ನಾನು ಕೀಲಿ ಹಾಕಿಯೇ ಹೋಗಿದ್ದೆ, ಅಂದ ಮೇಲೆ ಇದು ಹೇಗಾಯಿತು ಎಂಬುದು ಅಪ್ಪಣ್ಣನ ವಾದ. ಆದರೆ ಆ ವಾದ ಬಾಯಿಗೆ ಬಂದ ಕೂಡಲೇ ಊರಿನ ಮುಂದೆ ಆತ ಒಪ್ಪಿಕೊಂಡಂತಾಯಿತು: ಹೆಂಡತಿಯನ್ನು ಒಳಗೆ ಕೂಡಿಹಾಕಿದ್ದೆ, ನಾನು ಆಕೆಯನ್ನು ಮುಟ್ಟಿಯೂ ಇಲ್ಲ ಎಂದು. ಹೆಂಡತಿಗೆ ಹಾಕಿದ ಕೀಲಿ ಗಂಡನ ಸಂಸಾರವನ್ನೇ ಬಯಲಿಗಿಟ್ಟಿತು. ಇನ್ನೂ ಒಂದು ಮಾತಿದೆ. ಕೀಲಿ ಹಾಕಿದ ಮನೆಗೆ ಗಂಡ ಬಿಟ್ಟು ಬೇರೆ ಯಾರೂ ಬರಲಾರರು ಎಂದು ರಾಣಿಯೂ ನಂಬಿದ್ದಾಳೆ. ರಾತ್ರಿ ಬಂದವನು ಗಂಡನೇ ಎಂದು ಆಕೆ ಒಪ್ಪುವುದಕ್ಕೆ ಆ ಕೀಲಿಯೂ ಒಂದು ಕಾರಣ. ಒಂದೇ ಕಬ್ಬಿಣದ ತುಂಡು ಆಕೆಗೆ ಸೆರೆಮನೆ, ಆಕೆಗೇ ಆಧಾರ, ಕೊನೆಗೆ ಆತನ ವಿರುದ್ಧ ಸಾಕ್ಷಿ. ಗೈಡಿನ ಒಂದು ಸಾಲಿನಲ್ಲಿ ಇದು ಹಿಡಿಸುವುದಿಲ್ಲ.

ತಾಟಿನ ಮಾತು ಚಿಕ್ಕದು. ಅಪ್ಪಣ್ಣ ಮಧ್ಯಾಹ್ನ ಬರುತ್ತಾನೆ, ಸ್ನಾನ ಮಾಡುತ್ತಾನೆ, ಉಣ್ಣುತ್ತಾನೆ, ಹೋಗುತ್ತಾನೆ. ಗಂಡ ಹೆಂಡಿರ ನಡುವೆ ಇರುವುದೆಲ್ಲ ಆ ತಾಟಿನಷ್ಟೇ ಅಗಲ. ನಾಗ ಬಂದಾಗ ಉಣ್ಣಲು ಕೇಳುವುದಿಲ್ಲ, ಮಾತು ಕೇಳುತ್ತಾನೆ. ನಿನ್ನ ತಂದೆ ತಾಯಿಯ ಸುದ್ದಿ ಹೇಳು ಎನ್ನುತ್ತಾನೆ. ನಮ್ಮ ಪ್ರಯೋಗದಲ್ಲಿ ಹಗಲಿನ ದೃಶ್ಯಗಳಲ್ಲಿ ತಾಟು ನಡುವೆ ಇರುತ್ತದೆ, ರಾತ್ರಿ ಅದನ್ನು ಗೋಡೆಗೆ ಒರಗಿಸಿಡುತ್ತೇವೆ. ನೋಡುವವರಿಗೆ ಅಷ್ಟು ಸಾಕು.

ನನಗೆ ಬಹಳ ಹಿಡಿಸಿದ್ದು ಸಾರು ಹುತ್ತಕ್ಕೆ ಹೋಗುವ ಗಳಿಗೆ. ಬೇರೆ ಕಡೆಯವರು ಇದನ್ನು ಮಾಟ ಮಂತ್ರದ ದೃಶ್ಯ ಎಂದು ನೋಡಬಹುದು. ಈ ಸೀಮೆಯಲ್ಲಿ ಹುಟ್ಟಿದವರ ಕಣ್ಣಿಗೆ ಅಲ್ಲಿ ನಾಗರ ಪಂಚಮಿ ಕಾಣುತ್ತದೆ. ಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಅರಳು, ಉಂಡಿ, ತಂಬಿಟ್ಟು ಮಾಡುತ್ತಾರೆ. ಅಂದು ಒಲೆಯ ಮೇಲೆ ಹಂಚು ಇಡುವುದಿಲ್ಲ, ಕಾಯಿಪಲ್ಯ ಹೆಚ್ಚುವುದಿಲ್ಲ. ಹುತ್ತಕ್ಕೆ ಹಾಲು ಎರೆಯುವಾಗ ಒಂದೊಂದು ಸಲಕ್ಕೆ ಒಬ್ಬೊಬ್ಬರ ಹೆಸರು ಹೇಳುವ ರೂಢಿ: ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ನಾನು ಸಣ್ಣವಳಿದ್ದಾಗ ಹಾಲಿನ ಬಟ್ಟಲು ಹಿಡಿದು ಯಾರ ಪಾಲೂ ತಪ್ಪದಂತೆ ಎಣಿಸಿ ಎಣಿಸಿ ಎರೆದವಳು.

ಈಗ ರಾಣಿಯನ್ನು ನೋಡಿ. ಆಕೆಗೆ ತವರಿಗೆ ಹೋಗುವ ದಾರಿಯಿಲ್ಲ, ಜೋಕಾಲಿ ಇಲ್ಲ, ಕರೆಯಲು ಬರುವ ಅಣ್ಣನೂ ಇಲ್ಲ, ಒಬ್ಬಳೇ ಮಗಳು. ಗಂಡ ಬಚ್ಚಲಲ್ಲಿ ಸ್ನಾನಕ್ಕೆ ಕೂತ ಹೊತ್ತಿನಲ್ಲಿ, ಆತನಿಗೆಂದೇ ಮಾಡಿದ ಸಾರನ್ನು ಹೊತ್ತು ಹುತ್ತದ ಹತ್ತಿರ ಓಡುತ್ತಾಳೆ. ಅಕ್ಷರಶಃ ಗಂಡನ ಪಾಲನ್ನು ನಾಗಪ್ಪನಿಗೆ ಎರೆಯುತ್ತಾಳೆ. ಹಾಲಿನ ಬದಲು ಕೆಂಪು ಸಾರು, ಹಬ್ಬದ ಬದಲು ಅಂಜಿಕೆ, ಆದರೆ ಕೈಯ ಬಾಗು ಅದೇ. ಗಂಡನಿಗೆ ಕೆಟ್ಟದ್ದಾಗಬಾರದು ಎಂಬ ಒಂದೇ ಕಾರಣಕ್ಕೆ ಆಕೆ ಅದನ್ನು ಚೆಲ್ಲಿದ್ದು ಎಂಬುದನ್ನು ಮರೆಯಬಾರದು. ಮರಳಿ ಬಂದಾಗ ಸಿಕ್ಕಿದ್ದು ಗಂಡನ ಏಟು. ಉಣ್ಣಬೇಕಾದವನು ಉಣ್ಣಲಿಲ್ಲ, ಉಂಡವನು ಒಲಿದು ಬಂದ. ಇದನ್ನು ಹೇಳಿದಾಗ ಬೀಳಗಿಯ ಕಡೆಯ ಹುಡುಗಿಯೊಬ್ಬಳು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಆಕಿ ಪಾಪ ಮಾಡಿಲ್ರೀ, ಪೂಜಿ ಮಾಡ್ಯಾಳ” ಎಂದಳು. ನಾಟಕದ ಕೊನೆಗೆ ಊರೂ ಇದನ್ನೇ ಹೇಳುತ್ತದೆ, ಬೇರೆ ದಾರಿಯಿಂದ ಬಂದು.

ಒಲಿದವನು ಬರುವುದು ಎಲ್ಲಿಂದ? ತಲಬಾಗಿಲಿಗೆ ಕೀಲಿ ಇದೆ. ಮುಂದೆ ಅಪ್ಪಣ್ಣ ಕಾವಲಿಗೆ ನಾಯಿ ತರುತ್ತಾನೆ, ಮುಂಗುಸಿ ತರುತ್ತಾನೆ. ಆದರೆ ಮೋರಿಯ ನೆನಪು ಆತನಿಗೆ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದು ಮನೆಗೆಲಸ ಮಾಡಿದವರಿಗೆ ಗೊತ್ತು. ಬಚ್ಚಲು ತಿಕ್ಕುವುದು, ಮೋರಿ ಕಟ್ಟಿದರೆ ಕಡ್ಡಿ ಹಾಕಿ ಬಿಡಿಸುವುದು ಹೆಂಗಸರ ಪಾಲಿನ ಕೆಲಸ. ಗಂಡಸು ಬಚ್ಚಲಿಗೆ ಹೋಗುತ್ತಾನೆ, ನೀರು ಹೊಯ್ದುಕೊಳ್ಳುತ್ತಾನೆ, ಬರುತ್ತಾನೆ. ನೀರು ಎಲ್ಲಿ ಹೋಯಿತು ಎಂದು ಬಾಗಿ ನೋಡುವುದಿಲ್ಲ. ಮನೆಯ ದೊಡ್ಡ ಬಾಯಿ ಆತನ ಕೈಯಲ್ಲಿದೆ, ಸಣ್ಣ ಬಾಯಿಗಳು ಆಕೆಯ ವಶದಲ್ಲಿವೆ. ಕುರುಡವ್ವನ ಮಾತು ಕಿಟಕಿಯಿಂದ ಬಂತು, ನಾಗ ಮೋರಿಯಿಂದ ಬಂದ. ಸಾಮಾನುಗಳ ನಡುವಿನ ಸಂಬಂಧ ನನಗೆ ತಿಳಿದದ್ದು ಇಲ್ಲಿಯೇ. ಒಂದೊಂದನ್ನೇ ಎತ್ತಿ ಇದಕ್ಕೇನರ್ಥ ಎಂದು ಕೇಳಿದರೆ ನಾಟಕ ಚೂರುಚೂರಾಗುತ್ತದೆ. ಈ ಮನೆಯೊಳಗೆ ಏನು ಎಲ್ಲಿಂದ ಬಂತು, ಆ ದಾರಿಯನ್ನು ಕಾಯುವವರು ಯಾರು ಎಂದು ಕೇಳಿದರೆ ಎಲ್ಲವೂ ಒಂದೇ ದಾರಕ್ಕೆ ಕೂಡುತ್ತವೆ.

ನಾಟಕದ ಮೊದಲ ಭಾಗಕ್ಕೂ ಈ ಪ್ರಶ್ನೆ ಹಾಕಿ ನೋಡಿ. ಅಲ್ಲಿ ಪಾಳುಬಿದ್ದ ಗುಡಿಯಲ್ಲಿ, ಆ ರಾತ್ರಿ ನಿದ್ದೆ ಮಾಡಿದರೆ ಸಾಯುವ ನಾಟಕಕಾರನೊಬ್ಬ ಕೂತಿದ್ದಾನೆ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಜ್ಯೋತಿಗಳೆಲ್ಲ ಅಲ್ಲಿ ಬಂದು ಕೂಡಿ, ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಮಾಡದಲ್ಲಿ ಇಟ್ಟ ದೀಪಕ್ಕಿಂತ ಸಂಸಾರವನ್ನು ಹತ್ತಿರದಿಂದ ಕಂಡವರು ಯಾರಿದ್ದಾರೆ? ಅವರಲ್ಲಿ ಒಂದು ಜ್ಯೋತಿ ತನ್ನ ಮನೆಯ ಮುದುಕಿಯ ಕತೆ ಹೇಳುತ್ತದೆ. ಆ ಮುದುಕಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಆಕೆ ಬಾಯಿ ತೆರೆದು ಮಲಗಿದ್ದಾಗ ಅವೆರಡೂ ಹೊರಗೆ ಜಿಗಿದವು. ಕತೆ ಎಳೆಯ ಹೆಣ್ಣಾಯಿತು, ಹಾಡು ಆಕೆ ಉಟ್ಟ ಸೀರೆಯಾಯಿತು. ಆ ಹೆಣ್ಣು ಮನೆಯಿಂದ ಹೊರಗೆ ಕಾಲಿಡುವುದಕ್ಕೂ ಮುದುಕಿ ಒಳಗೆ ಬರುವುದಕ್ಕೂ ಸರಿಹೋಗಿ ಗಂಡ ಹೆಂಡಿರಲ್ಲಿ ಜಗಳ ಹತ್ತಿತು. ಕೂಡಿಹಾಕಿದ ಕತೆಯೂ ಕೂಡಿಹಾಕಿದ ಹೆಂಡತಿಯ ಹಾಗೆ ಕಾವಲಿಲ್ಲದ ಬಾಯಿಯನ್ನೇ ಹುಡುಕಿತು. ರಾಣಿಯ ಸಂಸಾರದ ಕತೆ ಹೇಳುವುದೇ ಈ ಸೀರೆ ಉಟ್ಟ ಹೆಣ್ಣು.

ಕತೆಯ ಪಾತ್ರಕ್ಕೆ ನಾವು ಇಳಕಲ್ಲ ಸೀರೆ ಉಡಿಸಿದ್ದೇವೆ. ಊರಿನ ಅಭಿಮಾನ ಅದರಲ್ಲಿ ಇಲ್ಲವೆನ್ನಲಾರೆ, ಆದರೆ ಕಾರಣ ಬೇರೆ ಇದೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ರೇಷ್ಮೆಯ ಎಳೆಯನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಆ ಕೂಡಿದ ಜಾಗದ ಮೇಲೆ ಬೆರಳಾಡಿಸಿದರೆ ಸಣ್ಣ ಗೀರಿನಂತೆ ಹತ್ತುತ್ತದೆ. ಕತೆ ಒಂದು, ಹಾಡು ಒಂದು, ಉಟ್ಟಾಗ ಎರಡೂ ಕೂಡಿ ಒಂದೇ ಹೆಣ್ಣು. ಹುಡುಗಿಯರಿಗೆ ಆ ಕೊಂಡಿ ಮುಟ್ಟಿಸಿ ತೋರಿಸಿದೆ.

ಕನ್ನಡಿಯ ಬಗ್ಗೆ ಬಹಳ ಜನ ಬಹಳ ಬರೆಯುತ್ತಾರೆ, ನನಗೆ ಅಷ್ಟು ಹೇಳುವುದಿಲ್ಲ. ಒಂದು ರಾತ್ರಿ ರಾಣಿ ಕನ್ನಡಿಯಲ್ಲಿ ಗಂಡನ ಜಾಗದಲ್ಲಿ ನಾಗರಹಾವು ಕಂಡು ಚೀರುತ್ತಾಳೆ. ತಿರುಗಿ ನೋಡಿದರೆ ಗಂಡನೇ ಕೂತಿದ್ದಾನೆ. ಆಕೆಗೆ ಸುಳಿವು ಸಿಕ್ಕಿತ್ತು, ಆಕೆ ಅದನ್ನು ಹಿಂಬಾಲಿಸಲಿಲ್ಲ ಎಂಬುದಷ್ಟನ್ನು ನೆನಪಿಡೋಣ.

ಕೊನೆಗೆ ಕೂದಲು. ಕೂದಲು ಮನೆಸಾಮಾನಲ್ಲ, ಆದರೆ ಅದರ ಸುತ್ತ ಬಾಚಣಿಕೆ, ಎಣ್ಣೆ, ಹೆರಳು ಎಲ್ಲ ಇವೆ. ರಾಣಿಯ ಕೂದಲು ಎಷ್ಟು ದಟ್ಟವೆಂದರೆ ಗಂಟು ಕಟ್ಟಿದರೆ ಕರಿನಾಗರ ಸುತ್ತಿಕೊಂಡು ಮಲಗಿದ ಹಾಗೆ ಎಂದು ಮೊದಲಲ್ಲೇ ಬರುತ್ತದೆ. ಆಗ ಅದು ಬರೀ ಹೊಗಳಿಕೆ. ನಾಟಕಕ್ಕೆ ಎರಡು ಕೊನೆಗಳಿವೆ. ಒಂದರಲ್ಲಿ ನಾಗ ಆಕೆಯ ಹೆರಳನ್ನೇ ಕೊರಳಿಗೆ ಬಿಗಿದುಕೊಂಡು ಸಾಯುತ್ತಾನೆ. ಕೇಳುತ್ತಿದ್ದ ಜ್ಯೋತಿಗಳಿಗೆ ಅದು ಸೇರುವುದಿಲ್ಲ, ಮತ್ತೊಂದು ಕೊನೆ ಹುಟ್ಟುತ್ತದೆ. ತಲೆ ಭಾರವಾಗಿದೆ ಎಂದು ನೋಡಿದರೆ ಕೂದಲಿಂದ ಜೀವಂತ ಹಾವು ಬೀಳುತ್ತದೆ. ಅಪ್ಪಣ್ಣ ಬಡಿಗೆ ತರಲು ಹೋದಾಗ ರಾಣಿ ಅದನ್ನು ಮತ್ತೆ ತನ್ನ ಕೂದಲಲ್ಲೇ ಅಡಗಿಸಿಕೊಳ್ಳುತ್ತಾಳೆ. ಮೊದಲು ಹೋಲಿಕೆಯಾಗಿದ್ದದ್ದು ಕೊನೆಗೆ ನಿಜವೇ ಆಯಿತು. ಹೆನ್ರಿಕ್ ಇಬ್ಸನ್ 1879ರಲ್ಲಿ ಬರೆದ ‘ಗೊಂಬೆಯ ಮನೆ’ಯಲ್ಲೂ ಇಂಥ ಸಾಮಾನುಗಳಿವೆ. ಅಲ್ಲಿ ಟಪಾಲು ಪೆಟ್ಟಿಗೆಯ ಚಾವಿ ಗಂಡನ ಹತ್ತಿರ ಮಾತ್ರ ಇರುತ್ತದೆ, ಕೊನೆಗೆ ನೋರಾ ಬಾಗಿಲು ಎಳೆದುಕೊಂಡು ಹೊರಗೆ ನಡೆಯುತ್ತಾಳೆ. ರಾಣಿ ಬಾಗಿಲು ದಾಟಿ ಹೋಗುವುದಿಲ್ಲ. ಗಂಡ, ಮಗ, ಮನೆ ಎಲ್ಲವನ್ನೂ ಇಟ್ಟುಕೊಂಡು, ಯಾವ ಕೀಲಿಗೂ ಸಿಗದ ಜಾ​ಗವೊಂದನ್ನು ತನ್ನ ಮೈಮೇಲೆಯೇ ಮಾಡಿಕೊಳ್ಳುತ್ತಾಳೆ. ಎರಡರಲ್ಲಿ ಯಾವುದು ಹೆಚ್ಚಿನ ಧೈರ್ಯ ಎಂದು ಹುಡುಗರು ಒಂದು ಸಂಜೆಯೆಲ್ಲ ವಾದ ಮಾಡಿದರು. ನಾನು ರಾಣಿಯ ಕಡೆ.

ಇಲ್ಲಿ ಹಳೆಯ ಪ್ರಶ್ನೆಯೊಂದು ಎದುರಾಗುತ್ತದೆ. ರಾತ್ರಿ ಬರುವವನು ಅಪ್ಪಣ್ಣ ಅಲ್ಲವೆಂದು ರಾಣಿಗೆ ಗೊತ್ತಿತ್ತೇ? ಗೊತ್ತಿದ್ದರೆ ಯಾವಾಗಿನಿಂದ? ಪಾತ್ರ ಮಾಡುವ ಹುಡುಗಿಗೆ ಇದು ತಿಳಿಯದೆ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ. ನಾನು ಕನ್ನಡಿ ತೋರಿಸಿದೆ, ಹಾವಿನ ತಣ್ಣನೆಯ ಮೈ ನೆನಪು ಮಾಡಿದೆ. ಆಕೆಗೆ ಸಮಾಧಾನ ಆಗಲಿಲ್ಲ.

ತನ್ನ ಕೀಲಿಯನ್ನು ಏನು ಮಾಡುತ್ತಾರೋ ನೋಡೋಣ ಎಂದು ಆ ಅಜ್ಜಿ ಒಂದು ದಿನ ತಾಲೀಮಿಗೆ ಬಂದಿದ್ದರು. ಮೂಲೆಯ ಕುರ್ಚಿಯಲ್ಲಿ ಕೂತು ಪೂರಾ ನೋಡಿದರು. ಮುಗಿದ ಮೇಲೆ ನನ್ನನ್ನು ಕರೆದು, “ಅಕ್ಕೋರ, ಮೋರಿ ಕಲ್ಲ ಎಲ್ಲೈತಿ?” ಎಂದು ಕೇಳಿದರು. ನನಗೆ ತಿಳಿಯಲಿಲ್ಲ. ಹಳೇ ಊರಿನ ಹೊಳೆದಂಡೆಯ ಮನೆಗಳಲ್ಲಿ ಹಾವು ಚೇಳು ಹೆಚ್ಚು. ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಬಚ್ಚಲ ಮೋರಿಗೆ ಒಂದು ಗುಂಡುಕಲ್ಲು ಇಟ್ಟು ಬಟ್ಟೆ ತುರುಕಿ ಮಲಗುತ್ತಿದ್ದರಂತೆ. ಹೊಸದಾಗಿ ಬಂದ ಸೊಸೆಗೆ ಮೊದಲು ಹೇಳಿಕೊಡುತ್ತಿದ್ದ ಕೆಲಸವೇ ಅದು.

“ಮೊದಲ್ನೇ ರಾತ್ರಿ ಮರತಾಳ ತಗೋರಿ,” ಎಂದರು ಅಜ್ಜಿ. “ಎರಡ್ನೇ ರಾತ್ರಿ?”

ರಾಣಿಯ ಪಾತ್ರದ ಹುಡುಗಿ ಅಲ್ಲೇ ನಿಂತು ಕೇಳುತ್ತಿದ್ದಳು. ಮರುದಿನ ತಾಲೀಮಿಗೆ ಬರುವಾಗ ಸೆರಗಿನಲ್ಲಿ ಒಂದು ಗುಂಡುಕಲ್ಲು ಕಟ್ಟಿಕೊಂಡು ಬಂದಳು. ಈಗ ನಮ್ಮ ರಂಗದ ಮೇಲೆ ಮೋರಿಯ ಪಕ್ಕದಲ್ಲಿ ಆ ಕಲ್ಲು ಇರುತ್ತದೆ. ರಾತ್ರಿಯಾದ ಮೇಲೆ ರಾಣಿ ದೀಪ ಸಣ್ಣ ಮಾಡುತ್ತಾಳೆ, ತಾಟು ಗೋಡೆಗೆ ಒರಗಿಸುತ್ತಾಳೆ, ಒಂದು ಸಲ ಕಲ್ಲಿನ ಕಡೆ ನೋಡಿ ಹಾಸಿಗೆ ಹಾಸುತ್ತಾಳೆ. ಕಲ್ಲು ಇದ್ದಲ್ಲೇ ಇರುತ್ತದೆ.